ಹನ್ನೊಂದು ವರ್ಷದ ಹಲಗೆ

"ಚಾಕು ತೆಗೀರಿ! ಮೊದಲು ಆ ಚಾಕು ತೆಗೀರಿ ಅಂದೆ!"

ತೂಬಿನ ಮೇಲಿನ ಕಲ್ಲುಕಟ್ಟೆಯಿಂದ ಅವಳು ಕೂಗಿದ ರಭಸಕ್ಕೆ, ಕೆಳಗೆ ಕೆಸರಿನಲ್ಲಿ ನಿಂತಿದ್ದ ಅಪರಿಚಿತ ಬೆಚ್ಚಿಬಿದ್ದ. ಅವನ ಚಾಕು ಬಾಗಿಲಿನ ಹಲಗೆಯೊಂದನ್ನು ಆಗಲೇ ಉಗುರಿನಷ್ಟು ಕೆರೆದಿತ್ತು.

"ಕ್ಷಮಿಸಿ... ಮರ ಎಷ್ಟು ಹಳೇದು ಅಂತ ನೋಡ್ತಿದ್ದೆ. ನಾನು ಇಂಜಿನಿಯರ್. ಕರಾವಳಿಯ ಹಳೇ ಸೇತುವೆ, ತೂಬು, ದೀಪಸ್ತಂಭಗಳ ಪಟ್ಟಿ ಮಾಡ್ತಿದ್ದೀವಿ. ಪಟ್ಟಿಗೆ ಸೇರಿದ್ರೆ ಇದನ್ನ ಯಾರೂ ಕೆಡವೋ ಹಾಗಿಲ್ಲ."

ಕೆಡವೋ ಹಾಗಿಲ್ಲ!

ಈ ತೂಬನ್ನು ಕಿತ್ತು ಕಾಂಕ್ರೀಟಿನ ಅಣೆ ಕಟ್ಟುತ್ತಾರೆಂಬ ಸುದ್ದಿ ಕೇಳಿ ಕೇಳಿ ಅವಳು ಸೊರಗಿಹೋಗಿದ್ದಳು. ಉಬ್ಬರದಲ್ಲಿ ಉಪ್ಪುನೀರು ಹೊಲಗಳಿಗೆ ನುಗ್ಗದಂತೆ ಬಾಗಿಲು ಮುಚ್ಚಬೇಕು, ಇಳಿತದಲ್ಲಿ ಒಳಗಿನ ನೀರು ಹರಿದುಹೋಗಲು ತೆರೆಯಬೇಕು. ಮುತ್ತಜ್ಜ ಇಲ್ಲಿ ಕಲ್ಲು ಕಟ್ಟಿದಂದಿನಿಂದ ಇದು ಅವಳ ಮನೆಯವರ ಕೆಲಸ. ಅಪ್ಪ ಹೋದ ಮೇಲೆ ಅವಳದು.

"ಮುತ್ತಜ್ಜನೇ ಕೂರಿಸಿದ ಹಲಗೆಗಳು ರೀ ಇವು! ಒಂದೂ ಬದಲಾಗಿಲ್ಲ!"

ಹೇಳಿಬಿಟ್ಟಳು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಅವನು ಚಾಕು ಮಡಚಿ ಜೇಬಿಗಿಳಿಸಿದ. "ನೋಡಿಕೊಳ್ಳೋರೇ ಹೇಳಿದ ಮೇಲೆ ಕೆರೆಯೋದ್ಯಾಕೆ?" ಎಂದು ಹಾಗೆಯೇ ಬರೆದುಕೊಂಡ.

ಮೂರು ವಾರ ದಿನವೂ ಬಂದ. ಕಮಾನುಗಳನ್ನು ಅಳೆದ, ಗಾರೆಯನ್ನು ಬೆರಳಲ್ಲಿ ಸವರಿದ. ಒಂದೊಂದು ಕಲ್ಲಿನ ಮುಂದೆಯೂ, ಹಿರಿಯರ ಮಾತು ಕೇಳುವವನ ಹಾಗೆ ತಲೆಬಾಗಿ ನಿಂತ. ಟೇಪಿನ ಇನ್ನೊಂದು ತುದಿ ಅವಳ ಕೈಯಲ್ಲಿರುತ್ತಿತ್ತು.

"ನಿನ್ನ ಟೇಪು ಬಂತು ನೋಡೇ!" ಎಂದು ಸೋದರತ್ತೆ ಕಿಟಕಿಯಿಂದಲೇ ಕೂಗುತ್ತಿದ್ದಳು. "ಅದೇ ಗೋಡೆನ ಎಷ್ಟು ಸಲ ಅಳೀತಾನೆ? ಗೋಡೆ ಏನು ದಿನಾ ಬೆಳೀತಿದೆಯಾ?"

"ಸುಮ್ನಿರತ್ತೆ!"

"ನಾನು ಸುಮ್ನೇ ಇದ್ದೀನಮ್ಮ. ನಿನ್ನ ಮುಖಾನೇ ಮಾತಾಡ್ತಿರೋದು."

ಅವಳು ನಗುತ್ತಿದ್ದಳು. ಒಳಗೆ ಮಾತ್ರ ಆ ಸುಳ್ಳು ಚುಚ್ಚುತ್ತಲೇ ಇತ್ತು. 'ಇವತ್ತು ಹೇಳಿಬಿಡ್ತೀನಿ... ಬೇಡ, ನಾಳೆ. ಹೇಳಿದ್ರೆ ತೂಬೂ ಹೋಗುತ್ತೆ, ಇವನೂ ಹೋಗ್ತಾನೆ!'

ನಾಲ್ಕನೆಯ ವಾರ ಅವನು ಟೇಪಿಲ್ಲದೆ ಬಂದ.

"ನಿನ್ನೆ ನಮ್ಮ ಸಮಿತಿಯ ಅಧ್ಯಕ್ಷೆಯನ್ನ ಮರದ ಡಿಪೋಗೆ ಕರ್ಕೊಂಡು ಹೋಗಿದ್ದೆ. ಮುತ್ತಜ್ಜನ ಹಲಗೆ ಯಾವ ಮರದ್ದು ಅಂತ ಕೇಳೋಕೆ. ಅಲ್ಲಿಯವರು ನಕ್ಕುಬಿಟ್ರು. ನಿಮ್ಮ ಮನೆಗೆ ಹಲಗೆ ಕೊಡೋರೇ ಅವರಂತೆ. ಬಾಗಿಲಿಗೆ ಹನ್ನೊಂದು ಹಲಗೆ, ವರ್ಷಕ್ಕೊಂದು ಹೊಸದು... ಅತಿ ಹಳೇದಕ್ಕೂ ಹನ್ನೊಂದೇ ವರ್ಷವಂತೆ."

ಮೊದಲ ದಿನ ಅವನ ಚಾಕು ಕೆರೆದಿದ್ದ ಗುರುತಿನತ್ತ ಅವಳ ಕಣ್ಣು ಹೋಯಿತು.

"ಯಾಕೆ?" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು!

"ಹೊಸ ಮರ ಅಂದ್ರೆ ಕೆಡವಿಬಿಡ್ತಾರೆ ಅಂತ ಭಯ..."

"ಇನ್ನು ನಾನು ಬರೆದಿದ್ದನ್ನೆಲ್ಲ ಸಮಿತಿಯವರು ಅನುಮಾನದಿಂದಲೇ ನೋಡ್ತಾರೆ. ಅದಿರಲಿ. ಮೂರು ವಾರ ಪಕ್ಕದಲ್ಲೇ ನಿಂತಿದ್ರಿ. ಒಂದು ಸಲ ಹೇಳಬಹುದಿತ್ತಲ್ವಾ? ನಾಳೆ ಸಮಿತಿ ಬರುತ್ತೆ... ಬಹುಶಃ ಪಟ್ಟಿಗೆ ಬೇಡ ಅಂತ ಬರೆಯೋಕೆ."

ತಿರುಗಿ ನೋಡದೆ ಹೊರಟುಹೋದ.

ಅತ್ತೆ ಅಂದು ತಮಾಷೆ ಮಾಡಲಿಲ್ಲ. ಅಳುತ್ತಿದ್ದವಳ ಬೆನ್ನು ಸವರಿ, "ಸುಳ್ಳು ನಿನ್ನದು ಕಣೆ. ನಿಜಾನೂ ನೀನೇ ಹೇಳ್ಬೇಕು," ಎಂದಳು ಅಷ್ಟೆ.

ಮರುದಿನ ಇಳಿತದ ಹೊತ್ತಿಗೆ ಸಮಿತಿಯ ಮೂವರು ಬಂದರು. ಅಧ್ಯಕ್ಷೆ ನೆರೆಗೂದಲಿನ ಹಿರಿಯ ಇಂಜಿನಿಯರ್, ಕಾಲಿಗೆ ರಬ್ಬರ್ ಬೂಟು. ಅವನು ದೂರದಲ್ಲಿ ನಿಂತಿದ್ದ.

"ಸುಳ್ಳು ಹೇಳಿದ್ದು ನಾನು ಮೇಡಂ. ಇವರು ನಂಬಿದ್ರು, ಅಷ್ಟೇ," ಎಂದಳು ಅವಳು. "ಹಲಗೆ ಯಾವುದೂ ಹಳೇದಲ್ಲ. ಮುತ್ತಜ್ಜನ ಕಾಲದಿಂದ ವರ್ಷಕ್ಕೊಂದು ಬದಲಾಯಿಸ್ತೀವಿ."

"ಬಾಗಿಲು ಬಿಚ್ಚಿಟ್ಟಾಗ ಉಬ್ಬರ ಬಂದ್ರೆ?"

"ಬಾಗಿಲು ಬಿಚ್ಚೋದೇ ಇಲ್ಲ. ಒಂದೇ ಹಲಗೆ ಪಕ್ಕಕ್ಕೆ ಜಾರೋ ಹಾಗೆ ಗೋಡೆಕಲ್ಲಲ್ಲಿ ಸೀಳು ಬಿಟ್ಟಿದ್ದಾರೆ. ಒಂದು ಇಳಿತದೊಳಗೆ ಮುಗಿಸ್ಬೇಕು. ಇರಿ, ತೋರಿಸ್ತೀನಿ."

ಅವನು ಥಟ್ಟನೆ ತಲೆಯೆತ್ತಿದ. ಆ ಸೀಳಿನ ಅಳತೆ ಅವನ ಪುಸ್ತಕದಲ್ಲಿತ್ತು, ಯಾಕಿದೆಯೆಂಬುದು ಇರಲಿಲ್ಲ.

ಅವಳು ಮನೆಯಿಂದ ಹೊಸ ಹಲಗೆ ತಂದಿಟ್ಟು, ಕೊಡತಿ ಹಿಡಿದು ಕೆಸರಿಗಿಳಿದು, ಬೆಣೆ ಬಡಿದು ತೆಗೆದಳು. ಆಮೇಲೆ ಅವಳ ಕೈ ನಿಂತುಬಿಟ್ಟಿತು. ಈ ಹಲಗೆಯ ಸರದಿ ಬಂದು ಎರಡು ತಿಂಗಳಾಗಿತ್ತು. ಇಷ್ಟು ದಿನ ಮನಸ್ಸು ಬಂದಿರಲಿಲ್ಲ.

ಪಕ್ಕದಲ್ಲಿ ಕೆಸರು ಸದ್ದು ಮಾಡಿತು. ಅವನು ಇಳಿದು ಬಂದು ಹಲಗೆಗೆ ಭುಜ ಕೊಟ್ಟಿದ್ದ.

"ಯಾವ ಕಡೆ ತಳ್ಳಲಿ?"

"ಎಡಕ್ಕೆ... ನಿಧಾನ. ಅಪ್ಪ ಕೂರಿಸಿದ ಕೊನೇ ಹಲಗೆ ಅದು."

ಅವನು ತಳ್ಳುವುದನ್ನು ಬಿಟ್ಟು, ಎರಡೂ ಕೈ ಅಡಿಗೆ ಕೊಟ್ಟು ಮೆತ್ತಗೆ ಸರಿಸಿದ. ನಿದ್ದೆಹೋದ ಮಗುವನ್ನು ಮಗ್ಗುಲು ಬದಲಿಸುವ ಹಾಗೆ. ಅವಳ ಕಣ್ಣು ತುಂಬಿ ಬಂತು.

ಹೊಸ ಹಲಗೆ ಜಾರಿ ಕೂತಾಗ ನೀರಿನ್ನೂ ದೂರವಿತ್ತು. ಅಧ್ಯಕ್ಷೆ ಸೀಳಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದರು.

"ಕಲ್ಲನ್ನ ಮಾತ್ರ ಬರ್ಕೊಂಡು ಹೋಗ್ತಿದ್ವಲ್ರೀ!" ಎಂದರು ಜೊತೆಯವರಿಗೆ. ಆಮೇಲೆ ಅವನತ್ತ ತಿರುಗಿ, "ಈ ಬದಲಾಯಿಸೋ ಕ್ರಮಾನೂ ಬರೀರಿ. ಈ ಸಲ ಪೂರ್ತಿ ನೋಡ್ಕೊಂಡು ಬರೀರಿ. ಪಟ್ಟಿಗೆ ನಾನು ಸಹಿ ಹಾಕ್ತೀನಿ."

ಅವರೆಲ್ಲ ಮೇಲೆ ಹತ್ತಿಹೋದರು. ಇಬ್ಬರೇ ಉಳಿದರು.

"ಕ್ಷಮಿಸ್ತೀರಾ?" ಎಂದಳು ಮೆಲ್ಲಗೆ.

"ತಪ್ಪು ನಂದೂ ಇದೆ. ಹಳೇದೊಂದೇ ಬೇಕು ಅನ್ನೋ ಹಾಗೆ ಬಂದು ನಿಂತೆ. ನೀವು ಹೆದರಿದ್ರಿ." ಹೊಸ ಹಲಗೆಯನ್ನು ಸವರುತ್ತ ಕೇಳಿದ, "ಮುಂದಿನ ವರ್ಷ ಯಾವ ಹಲಗೆ?"

"ಅದರ ಮೇಲಿಂದು. ಅಪ್ಪ ತೀರಿಕೊಂಡ ವರ್ಷ ನಾನೊಬ್ಬಳೇ ಕೂರಿಸಿದ್ದು. ಚೂರು ಸೊಟ್ಟ."

"ಒಬ್ಬರೇ ಮಾಡಬಹುದಾ ಹಾಗಾದ್ರೆ?"

"ಮಾಡಬಹುದು..." ಅವಳು ಕೆಸರು ಮೆತ್ತಿದ ತನ್ನ ಕೈಗಳನ್ನೇ ನೋಡಿದಳು. ಇನ್ನು ಏನನ್ನೂ ಮುಚ್ಚಿಡಬಾರದು! "ಆದ್ರೆ ನೀವಿಲ್ದೆ ಮಾಡೋಕೆ ಇಷ್ಟ ಇಲ್ಲ."

ಅವನು ಆ ಕೈ ಹಿಡಿದುಕೊಂಡ. "ಇರ್ತೀನಿ. ಮುಂದಿನ ವರ್ಷ, ಅದರ ಮುಂದಿನ ವರ್ಷ... ಹನ್ನೊಂದೂ ಮುಗಿಯೋವರೆಗೆ."

"ಆಮೇಲೆ?"

"ಆಮೇಲೆ ಇವತ್ತಿನದು ಹಳೇದಾಗಿರುತ್ತಲ್ಲ!"