ಚೆಲುವಮ್ಮನ ಸಂತೆ ಸಾಮಾನು

೧೯೫೯ನೇ ಇಸವಿ ಜನವರಿ ೧೨, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಮಗ್ಗೆಯ ಸರೋಜಮ್ಮ ಆಲೂರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಗಂಡ ಸಿದ್ದಬಸಪ್ಪನನ್ನು ಎತ್ತಿನ ಗಾಡಿಯಲ್ಲಿ ತಂದು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನೇರ ನಡೆದು ಬಂದಿದ್ದಳು. ಸೆರಗಿನ ಮೇಲೆ ನೀಲಿ ಬಣ್ಣದ ಕಲೆಗಳಿದ್ದವು.

"ಪಾಳ್ಯದ ಚೆಲುವಮ್ಮ ನನ್ ಗಂಡಂಗೆ ವಿಷ ಹಾಕವ್ಳೆ. ಬರ್ಕಳಿ," ಅಂದಳು.

ಕಾನ್‌ಸ್ಟೇಬಲ್ ಹುಸೇನ್ ದೂರು ಬರೆದುಕೊಳ್ಳತೊಡಗಿದ. ಸಬ್ ಇನ್‌ಸ್ಪೆಕ್ಟರ್ ಮಹಾದೇವಯ್ಯ ಎದುರಿಗೆ ಕೂತು ಕೇಳಿದರು.

"ಯಾವ ಚೆಲುವಮ್ಮ?"

"ಕಿತ್ತಳೆ ಹಣ್ಣು ಕೊಳೆಸಿ ಭಟ್ಟಿ ಇಳಿಸ್ತಾಳಲ್ಲ, ಆ ಮುಂಡೆ. ಗಂಡ ಸತ್ತು ಹತ್ತು ವರ್ಷ ಆಯ್ತು."

"ನಿನ್ನ ಗಂಡನಿಗೂ ಅವಳಿಗೂ ಏನು ವ್ಯವಹಾರ?"

"ಸಂತೆಯಿಂದ ಅವಳಿಗೆ ಬೆಲ್ಲ, ಉಪ್ಪು, ಸೀಮೆಎಣ್ಣೆ ತಂದ್ಕೊಡ್ತಾರೆ. ಅವಳು ಒಂದು ಬಾಟ್ಲಿ ಕೊಡ್ತಾಳೆ. ನಿನ್ನೆ ಸಾಯಂಕಾಲನೂ ತಂದ್ರು. ನೆಗಡಿ ಅಂತ ಬಿಸಿನೀರಿಗೆ ಹಾಕ್ಕಂಡು ಎರಡು ಲೋಟ ಕುಡುದ್ರು. ಆಮೇಲೆ ವಾಂತಿ ನಿಲ್ಲಲೇ ಇಲ್ಲ."

ಹತ್ತು ಗಂಟೆಗೆ ಎಫ್‌ಐಆರ್ ಆಯಿತು: ವಿಷ ಉಣಿಸಿ ಅಪಾಯ ಮಾಡಿದ ಆರೋಪ. ಮಹಾದೇವಯ್ಯ ಆಸ್ಪತ್ರೆಗೆ ಹೋದರು. ವಾಂತಿಯ ಬಣ್ಣ ನೋಡಿದ್ದ ಡಾಕ್ಟರು ಒಂದೇ ಮಾತು ಹೇಳಿದರು: ಮೈಲುತುತ್ತ. ಸುತ್ತಲಿನ ಕಾಫಿ ತೋಟದವರು ಗಿಡಗಳಿಗೆ ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ನೀಲಿ ಪುಡಿ.

ಸಿದ್ದಬಸಪ್ಪನಿಗೆ ಎಚ್ಚರವಿತ್ತು, ದನಿ ಮಾತ್ರ ತೀರಾ ಸಣ್ಣಗಾಗಿತ್ತು. ಮಹಾದೇವಯ್ಯ ಬಗ್ಗಿ ಕೇಳಿದರು.

"ಕುಡಿಯುವಾಗ ಗೊತ್ತಾಗಲಿಲ್ಲವಾ?"

"ಕಹಿ ಇತ್ತು ಸ್ವಾಮಿ. ಕಿತ್ತಳೆ ಸಿಪ್ಪೆ ಕಹಿ ಅಂದ್ಕಂಡೆ. ಬಾಟ್ಲಿ ಕಂದು ಬಣ್ಣ. ಬುಡ್ಡಿ ಬೆಳಕಲ್ಲಿ ಏನೂ ಕಾಣ್ಲಿಲ್ಲ."

"ಪಾಳ್ಯದಿಂದ ಬರುವಾಗ ಎಲ್ಲಿ ನಿಂತಿದ್ದೆ?"

"ಎಲ್ಲೂ ಇಲ್ಲ. ಎಸ್ಟೇಟ್ ಸ್ಟೋರ್ ಹತ್ರ ಎತ್ತಿಗೆ ನೀರು ಕುಡಿಸ್ದೆ, ಅಷ್ಟೆ." ಸ್ವಲ್ಪ ಹೊತ್ತು ಉಸಿರು ತಗೊಂಡು, "ಚೆಲುವಮ್ಮ ಅಂಥೋಳಲ್ಲ," ಎಂದ.

ಬಾಗಿಲಲ್ಲಿ ನಿಂತಿದ್ದ ಸರೋಜಮ್ಮ ಆ ಮಾತು ಕೇಳಿ ಹೊರಗೆ ಹೋದಳು.

ಮಧ್ಯಾಹ್ನ ಹನ್ನೆರಡೂವರೆಗೆ ಮಗ್ಗೆಯ ಮನೆಯಲ್ಲಿ ಪಂಚನಾಮೆ ನಡೆಯಿತು. ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಬಿಳಿ ಲೋಟಕ್ಕೆ ಸುರಿದರೆ ತೆಳು ನೀಲಿ. ತಳದಲ್ಲಿ ನುಣ್ಣನೆಯ ಪುಡಿ ಕೂತಿತ್ತು. ಬಾಟಲಿಯ ಬಾಯಿಗೆ ಇಟ್ಟಿದ್ದ ಬೆಂಡಿಗೆ ಕೆಂಪು ಗೆರೆ ಹೊಡೆದ ಕಾಗದ ಸುತ್ತಿತ್ತು. ಅಟ್ಟದ ಮೇಲೆ ಮೈಲುತುತ್ತದ ಡಬ್ಬವೂ ಸಿಕ್ಕಿತು. ಹುಸೇನ್ ಸರೋಜಮ್ಮನ ಕಡೆ ನೋಡಿದ.

"ಕಾಫಿ ಗಿಡ ಇದ್ದೋರ ಮನೇಲೆಲ್ಲ ಐತೆ," ಅಂದಳು ಅವಳು.

"ಚೆಲುವಮ್ಮನ ಮೇಲೆ ನಿನಗೆ ಹೊಟ್ಟೆಕಿಚ್ಚು ಇತ್ತಾ?" ಮಹಾದೇವಯ್ಯ ಕೇಳಿದರು.

"ಇತ್ತು ಸ್ವಾಮಿ. ಇಲ್ಲ ಅಂತ ಯಾಕೆ ಹೇಳ್ಲಿ? ನಮ್ಮನೆಗೆ ಉಪ್ಪು ತರೋದು ಮರ್ತು ಬರೋರು. ಅವಳ ಸಾಮಾನು ಒಂದು ದಿನನೂ ಮರ್ತೋರಲ್ಲ. ಅವಳಿಗೆ ಸಾವು ಬರ್ಲಿ ಅಂತ ದಿನಾ ಅಂದ್ಕಂಡಿದೀನಿ. ಇವರಿಗೆ ಯಾಕೆ ಹಾಕ್ಲಿ?"

ಮಹಾದೇವಯ್ಯ ಡಬ್ಬ ಕೈಗೆ ತಗೊಂಡರು. ಮುಚ್ಚಳ ತುಕ್ಕು ಹಿಡಿದು ಅಂಟಿಹೋಗಿತ್ತು. ಹುಸೇನ್ ಕಲ್ಲಿನಿಂದ ಬಡಿದು ತೆಗೆದಾಗ ಒಳಗೆ ಗಟ್ಟಿಯಾದ ಹರಳುಗಳಿದ್ದವು. ಮಳೆಗಾಲದ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ.

ಪಾಳ್ಯಕ್ಕೆ ಹೋದಾಗ ಮೂರು ಗಂಟೆ. ಗುಡ್ಡದ ಇಳಿಜಾರಿನಲ್ಲಿ ಒಂಟಿ ಮನೆ. ಹಿತ್ತಲಲ್ಲಿ ಕಿತ್ತಳೆ ಸಿಪ್ಪೆಯ ರಾಶಿ, ಕಲ್ಲಿನ ಒಲೆ, ತಾಮ್ರದ ಹಂಡೆ, ಅದರ ಬಾಯಿಗೆ ಮಣ್ಣು ಮೆತ್ತಿ ಕೂರಿಸಿದ ಬಿದಿರಿನ ಕೊಳವೆ. ಮೂರು ಮಡಕೆಗಳಲ್ಲಿ ಹಣ್ಣು, ಬೆಲ್ಲ ಹುಳಿಯುತ್ತಿದ್ದವು. ಚೆಲುವಮ್ಮ ಏನನ್ನೂ ಮುಚ್ಚಿಡಲಿಲ್ಲ.

"ಎಸ್ಟೇಟ್‌ನೋರು ಒಡೆದ ಹಣ್ಣು ಸುಮ್ನೆ ಎಸೀತಾರೆ. ತಂದು ಇಳಿಸ್ತೀನಿ. ಅದಕ್ಕೆ ಏನು ಶಿಕ್ಷೆ ಐತೋ ಕೊಡಿ. ವಿಷ ನಾನು ಹಾಕಿಲ್ಲ."

"ಮಡಕೆಗೆ ಮೈಲುತುತ್ತ ಬಿದ್ದಿರಬಹುದಲ್ಲ?"

"ಬಿದ್ರೆ ಹಂಡೆ ತಳದಾಗೆ ಉಳೀತದೆ ಸ್ವಾಮಿ. ಕೊಳವೇಲಿ ಬರೋದು ಆವಿ. ಉಪ್ಪು ಹಾಕಿ ಇಳಿಸಿದ್ರೂ ಉಪ್ಪು ಬರಲ್ಲ." ಅವಳು ಒಳಗಿನಿಂದ ಎರಡು ಬಾಟಲಿ ತಂದಿಟ್ಟಳು. "ಅವರಿಗೆ ಕೊಟ್ಟಿದ್ದೂ ಇದೂ ಒಂದೇ ದಿನ ಇಳಿಸಿದ್ದು. ನಿಮ್ಮೆದ್ರಿಗೇ ಕುಡೀತೀನಿ."

"ಬೇಡ. ಅದು ಈಗ ಸರ್ಕಾರದ್ದು," ಅಂದರು ಮಹಾದೇವಯ್ಯ. ಎರಡನ್ನೂ ಲೋಟಕ್ಕೆ ಸುರಿಸಿ ನೋಡಿದರು. ಒರತೆ ನೀರಿನಂತೆ ತಿಳಿಯಾಗಿತ್ತು. ಎರಡರ ಬೆಂಡಿಗೂ ಬಾಳೆಯ ನಾರು ಸುತ್ತಿತ್ತು.

ಅವರು ಜೇಬಿನಿಂದ ಕಾಗದ ಸುತ್ತಿದ ಬೆಂಡು ತೆಗೆದು ತೋರಿಸಿದರು.

"ಇದು ನಂದಲ್ಲ," ಅಂದಳು ಚೆಲುವಮ್ಮ. "ನಮ್ಮನೇಲಿ ಕಾಗದ ಎಲ್ಲಿಂದ ಬರ್ಬೇಕು? ನಂಗೆ ಓದಕ್ಕೇ ಬರಲ್ಲ."

ಹುಸೇನ್ ಕಾಗದ ಬಿಡಿಸಿ ಬೆಳಕಿಗೆ ಹಿಡಿದ. ಅವನ ಅಣ್ಣ ಆನೇಮಹಲ್‌ನ ಎಸ್ಟೇಟೊಂದರಲ್ಲಿ ಲಾರಿಗೆ ಕಾಫಿ ಮೂಟೆ ತುಂಬಿಸುವವನು. "ಎಸ್ಟೇಟ್ ಹಾಜರಿ ಪುಸ್ತಕದ ಹಾಳೆ ಸ್ವಾಮಿ. ಕೂಲಿ ಲೈನ್‌ನ ಆಳುಗಳ ಹೆಸರು ಬರೆಯೋದು. ನಮ್ಮಣ್ಣನ ಹತ್ರ ನೋಡಿದೀನಿ."

ಮಹಾದೇವಯ್ಯ ಚೆಲುವಮ್ಮನನ್ನು ಕೇಳಿದರು: "ಸಿದ್ದಬಸಪ್ಪನಿಗಿಂತ ಮುಂಚೆ ನಿನಗೆ ಸಂತೆ ಸಾಮಾನು ಯಾರು ತರುತ್ತಿದ್ದರು?"

"ಎಸ್ಟೇಟ್ ರೈಟರು. ದೇವೀರಪ್ಪನೋರು."

ಮಗ್ಗೆ ದಾರಿಯ ಎಸ್ಟೇಟ್ ತಲುಪಿದಾಗ ನಾಲ್ಕೂಮುಕ್ಕಾಲು. ಐವತ್ತರ ಹತ್ತಿರದ ದೇವೀರಪ್ಪ ಸ್ಟೋರಿನ ಜಗಲಿಯಲ್ಲಿ ಕೂತು ಹಾಜರಿ ಬರೆಯುತ್ತಿದ್ದ. ಒಂಟಿ ಮನುಷ್ಯ, ಹದಿನೆಂಟು ವರ್ಷದಿಂದ ಅದೇ ಕೆಲಸ. ಪೊಲೀಸರನ್ನು ಕಂಡು ಎದ್ದು ನಿಂತ.

"ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ರ."

"ಮೈಲುತುತ್ತ?"

"ಒಳಗಿದೆ. ಪುಡಿ ಮಾಡಿ, ಜರಡಿ ಹಿಡಿದು ಇಟ್ಟಿರ್ತೀವಿ."

"ನಿನ್ನೆ ಸಿದ್ದಬಸಪ್ಪ ಇಲ್ಲಿ ಯಾಕೆ ನಿಂತ?"

"ಎತ್ತಿಗೆ ನೀರು ಕುಡಿಸೋಕೆ."

"ನೀವು ಕರೆದಿರಾ, ಅವನೇ ನಿಂತನಾ?"

ದೇವೀರಪ್ಪ ಪೆನ್ನಿನ ಮುಚ್ಚಳ ಹಾಕಿದ. ಹುಸೇನ್ ಹಾಜರಿ ಪುಸ್ತಕದ ಹಾಳೆಗಳನ್ನು ಮಗುಚಿ ನೋಡಿದ. ಕೊನೆಯ ಹಾಳೆ ಹರಿದಿತ್ತು. ಕೈಯಲ್ಲಿದ್ದ ತುಂಡನ್ನು ಅಲ್ಲಿ ಇಟ್ಟ. ಅಂಚಿಗೆ ಅಂಚು ಕೂಡಿತು.

"ನಾರು ಬಿಚ್ಚಿಹೋಯ್ತು," ಅಂದ ದೇವೀರಪ್ಪ ಮೆಲ್ಲಗೆ. "ಸಿದ್ದಬಸಪ್ಪ ಬಾಟ್ಲಿ ಇದ್ದ ಚೀಲ ಇಲ್ಲೇ ಇಟ್ಟು ತೊಟ್ಟಿ ಕಡೆ ಹೋಗಿದ್ದ. ಪುಡಿ ಹಾಕಿ, ಸಿಕ್ಕಿದ ಕಾಗದ ಸುತ್ತಿಬುಟ್ಟೆ."

"ಕೊಲ್ಲಬೇಕು ಅಂತಲಾ?"

"ಇಲ್ಲ ಸ್ವಾಮಿ. ವಾಂತಿ ಆಗ್ಲಿ, ಅವಳ ಮನೆ ಕಡೆ ಹೋಗೋದು ನಿಲ್ಲಿಸ್ಲಿ ಅಂತ. ಎಂಟು ವರ್ಷ ನಾನು ತಂದ್ಕೊಟ್ಟೆ. ಯಾವ ಅಂಗಡಿ ಬೆಲ್ಲ ಅವಳಿಗೆ ಆಗುತ್ತೆ, ಯಾವುದು ಆಗಲ್ಲ, ನಂಗೆ ಗೊತ್ತಿತ್ತು. ದೀಪಾವಳಿ ಕಳೀತು. ಇನ್ಮೇಲೆ ನೀವು ತರೋದು ಬೇಡ, ಸಿದ್ದಬಸಪ್ಪ ಗಾಡೀಲಿ ತರ್ತಾನೆ ಅಂದ್ಬುಟ್ಳು. ವಾರವಾರ ಅವನ ಗಾಡಿ ಇದೇ ದಾರೀಲಿ ಹೋಗೋದು. ಅವಳ ಚೀಲ ಮೇಲ್ಗಡೆನೇ ಕಾಣೋ ಹಂಗೆ ಇಟ್ಟಿರ್ತಿದ್ದ."

"ಅವಳಿಗೆ ನಿಮ್ಮ ಮನಸ್ಸಿನಲ್ಲಿ ಇರೋದನ್ನ ಯಾವತ್ತಾದರೂ ಹೇಳಿದ್ದಿರಾ?"

"ಏನಂತ ಹೇಳ್ಲಿ?"

ಐದು ಗಂಟೆ ಹತ್ತು ನಿಮಿಷಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಪುಡಿ, ಪುಸ್ತಕ, ಬಾಟಲಿಗಳಿಗೆ ಅರಗಿನ ಮುದ್ರೆ ಬಿತ್ತು. ರಾಸಾಯನಿಕ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಸಿದ್ದಬಸಪ್ಪ ತೀರಿಕೊಂಡ. ಪ್ರಕರಣ ಕೊಲೆಗೆ ಬದಲಾಯಿತು. ಸರೋಜಮ್ಮ ಗಾಡಿ ಹೊಡೆಯಲು ಯಾರನ್ನೂ ಕರೆಯಲಿಲ್ಲ. ಶವ ಮನೆಗೆ ಒಯ್ಯುವಾಗ ತಾನೇ ಹಗ್ಗ ಹಿಡಿದಳು.

ಹನ್ನೊಂದು ಗಂಟೆಗೆ ಚೆಲುವಮ್ಮನನ್ನು ಠಾಣೆಗೆ ಕರೆಸಿದರು. ಭಟ್ಟಿ ಇಳಿಸಿದ್ದಕ್ಕೆ ಅವಳ ಮೇಲೆ ಬೇರೆ ಕೇಸು ಇತ್ತು. ಈಗ ಬೇಕಾಗಿದ್ದು ಕೊಲೆ ಕೇಸಿನ ಹೇಳಿಕೆ. ಸಣ್ಣ ಠಾಣೆ. ಮೇಜಿನಿಂದ ನಾಲ್ಕು ಹೆಜ್ಜೆಗೆ ಲಾಕಪ್ಪಿನ ಕಂಬಿ. ಅವಳು ಆ ಕಡೆ ತಿರುಗಲಿಲ್ಲ.

"ದೇವೀರಪ್ಪ ತರೋದು ಬೇಡ ಅಂತ ಯಾಕೆ ಹೇಳಿದೆ?"

ಚೆಲುವಮ್ಮ ಸೆರಗು ಹೊದ್ದು ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು. ಹುಸೇನ್ ಬರೆದುಕೊಂಡ.

ಓದು ಬಾರದವರಿಗೆ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳಿಸುವುದು ಮಹಾದೇವಯ್ಯನವರ ರೂಢಿ. ಹುಸೇನ್ ಓದಿದ: "ದೇವೀರಪ್ಪನವರು ಗುಡ್ಡ ಹತ್ತುವಾಗ ಮೊಣಕಾಲು ಹಿಡಿದುಕೊಂಡು ಎರಡು ಕಡೆ ಕೂರುತ್ತಿದ್ದರು. ನನ್ನ ಸಲುವಾಗಿ ಅವರಿಗೆ ನೋವಾಗುವುದು ಬೇಡ ಎಂದು, ಸಾಮಾನು ತರುವುದನ್ನು ನಾನೇ ಬಿಡಿಸಿದೆ. ಬರೀ ಕೈಯಲ್ಲಿ ಬರುತ್ತಾರೆ ಅಂದುಕೊಂಡಿದ್ದೆ. ಅವರು ಬರಲೇ ಇಲ್ಲ."

ಕಂಬಿಯ ಹಿಂದಿನಿಂದ ದೇವೀರಪ್ಪನ ದನಿ ಬಂತು.

"ಹುಸೇನ್ ಸಾಹೇಬ್ರೇ, ಆ ಕೊನೇದು ಇನ್ನೊಂದ್ಸಲ ಓದ್ತೀರಾ?"

ಹುಸೇನ್ ಮಹಾದೇವಯ್ಯನವರ ಮುಖ ನೋಡಿದ. ಅವರು ಓದು ಎಂದು ತಲೆಯಾಡಿಸಿದರು.