ಎಡಗಡೆಯ ಸೀಟಿನವನು

“ಕಣ್ಣು ಹಣೆ ಮ್ಯಾಲೆ ಇಟ್ಕೊಂಡು ನಡೀತಾನ, ಕತ್ತಿ!”

ಗೋದೌಲಿಯಾ ಚೌಕದ ನಡುವೆ, ಅಂಬಾಸಿಡರ್ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾಕ್ಷಾಯಣಿ ಬೈದದ್ದು ಅಚ್ಚ ಕನ್ನಡದಲ್ಲಿ. ಕಾಶಿಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಅದೊಂದು ಅನುಕೂಲವಿತ್ತು. ಯಾರನ್ನು ಬೇಕಾದರೂ ಕನ್ನಡದಲ್ಲಿ ಬೈಯಬಹುದು. ಬೈಸಿಕೊಂಡವರು ಅರ್ಥವಾಗದೆ ನಕ್ಕು ಹೋಗುತ್ತಾರೆ.

ಈ ಮನುಷ್ಯ ಹೋಗಲಿಲ್ಲ.

ಸೈಕಲ್ ರಿಕ್ಷಾಗಳ ಗದ್ದಲದಲ್ಲಿ ಅವನ ಕೈಚೀಲ ಕಾರಿನ ಬಂಪರಿಗೆ ಸಿಕ್ಕಿ ಹರಿದು, ಬದನೆಕಾಯಿಗಳು ರಸ್ತೆ ತುಂಬ ಉರುಳಿದ್ದವು. ಅವನು ಒಂದೊಂದನ್ನೇ ಆರಿಸಿ ಎದ್ದು ಕಿಟಕಿಯ ಹತ್ತಿರ ಬಂದ.

“ಹಣೆ ಮ್ಯಾಲೆ ವಿಭೂತಿ ಐತ್ರಿ. ಕಣ್ಣು ಅದರ ಕೆಳಗ ಅದಾವ,” ಎಂದ ಮೆಲ್ಲಗೆ ನಕ್ಕು.

ದಾಕ್ಷಾಯಣಿಯ ಮುಖ ಕೆಂಪಾಯಿತು. ಅಯ್ಯೋ, ಇವನು ನಮ್ಮವನೇ!

ಕ್ಷಮೆ ಕೇಳಬೇಕಿತ್ತು. ಆದರೆ ಕ್ಷಮೆ ಕೇಳುವುದು ಅವಳ ಜಾತಕದಲ್ಲೇ ಇರಲಿಲ್ಲ.

“ಹಂಗಾದ್ರ ಆ ಕಣ್ಣು ಬಿಟ್ಟು ನಡೀರಿ,” ಎಂದು ಹಾರ್ನ್ ಒತ್ತಿ ಹೊರಟೇಬಿಟ್ಟಳು. ಮನೆಯಿದ್ದ ಶಿವಾಲದ ತಿರುವಿನವರೆಗೂ ಅವಳ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಬೈದದ್ದಕ್ಕಲ್ಲ... ಅವನು ನಕ್ಕ ರೀತಿಗೆ.

ಅದು ತೊಂಬತ್ತೆರಡರ ಜನವರಿ.

ದಾಕ್ಷಾಯಣಿಯ ಅಪ್ಪ ಕುಮಾರಯ್ಯನವರದು ಕರ್ನಾಟಕದಿಂದ ಬರುವ ಯಾತ್ರಿಕರನ್ನು ಸಾರನಾಥ, ವಿಂಧ್ಯಾಚಲ ಎಂದು ಸುತ್ತಿಸುವ ಕೆಲಸ. ಇದ್ದ ಕಾರು ಒಂದೇ, ಆ ಅಂಬಾಸಿಡರ್. ಅದರ ಮುದಿ ಡ್ರೈವರ್‌ನನ್ನು ಕಾಡಿ ಬೇಡಿ ದಾಕ್ಷಾಯಣಿ ಓಡಿಸಲು ಕಲಿತು ಲೈಸೆನ್ಸ್ ಕೂಡ ತೆಗೆದುಕೊಂಡಿದ್ದಳು. ಅಪ್ಪ ಅದನ್ನು ಹುಡುಗಾಟ ಎಂದುಕೊಂಡಿದ್ದರು. ಹುಬ್ಬಳ್ಳಿಯಿಂದ ಸಂಬಂಧ ಬಂದಾಗ ಹುಡುಗಾಟ ಜಗಳವಾಯಿತು.

“ಹುಡುಗಿ ಗಾಡಿ ಓಡಸೋದು ಬಿಟ್ರ ಒಪ್ಪಿಗಿ ಅಂತ ಹೇಳ್ಯಾರ. ಬಿಡು, ಅದ್ರಾಗೇನೈತಿ?” ಎಂದರು ಅಪ್ಪ.

“ಆ ಹುಡುಗ ಏನು ಬಿಡ್ತಾನಂತ?”

“ಗಂಡಸಿಗೆ ಹಂಗೆಲ್ಲ ಕೇಳ್ತಾರೇನು?”

“ನಾ ಕೇಳ್ತೀನಿ.”

ನಡುವೆ ಬಾಯಿ ಹಾಕಿದ್ದು ಅಪ್ಪನ ಅಕ್ಕ ಶರಣಬಸಮ್ಮ. ಇಲ್ಲಿಂದ ಗಂಗೆಯನ್ನು ರಾಮೇಶ್ವರಕ್ಕೆ ಒಯ್ದು, ಅಲ್ಲಿಯ ಸಮುದ್ರದ ಮರಳನ್ನು ತಂದು ಗಂಗೆಗೆ ಹಾಕಬೇಕೆಂದು ಅವರು ಬಹಳ ದಿನದಿಂದ ಹೇಳಿಕೊಂಡಿದ್ದರು. ಡ್ರೈವರ್ ಊರಿಗೆ ಹೋಗಿ ಕೂತಿದ್ದ.

“ನಾ ಕರ್ಕೊಂಡು ಹೋಗ್ತೀನಿ ಅತ್ತಿ. ಪುರಿ ಮುಟ್ಟಿ, ಅಲ್ಲಿಂದ ಸಮುದ್ರದ ದಂಡಿ ಹಿಡಿದು ಕೆಳಗ,” ಎಂದಳು ದಾಕ್ಷಾಯಣಿ. ಸಮುದ್ರವನ್ನು ಅವಳು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಳು.

ಕುಮಾರಯ್ಯ ದೊಡ್ಡದಾಗಿ ನಕ್ಕರು. ಆಮೇಲೆ ವ್ಯಾಪಾರಸ್ಥರ ಹಾಗೆ ಯೋಚಿಸಿದರು.

“ಆತು. ರಾಮೇಶ್ವರ ಮುಟ್ಟಿ ವಾಪಸ್ ಈ ಬಾಗಿಲಿಗೆ ಬರೂತನ ಸ್ಟೇರಿಂಗ್ ನಿನ್ನ ಕೈಯಾಗ ಇದ್ರ ಹುಬ್ಬಳ್ಳಿ ಮಾತು ಬಿಡ್ತೀನಿ. ದಾರ್ಯಾಗ ಒಂದು ಸಲ ಬ್ಯಾರೆಯವರು ಹಿಡಿದ್ರೂ ಆ ಹುಡುಗನ ಜೋಡಿ ಮದುವಿ. ಒಪ್ಪಿದಿ?”

“ಒಪ್ಪೀನಿ.”

“ಇನ್ನೊಂದು. ಜೋಡಿ ನಮ್ಮವ ಒಬ್ಬ ಗಂಡಸು ಬರ್ತಾನ.”

ಆ ಗಂಡಸು ಮರುದಿನ ಬಾಗಿಲಲ್ಲಿ ನಿಂತಾಗ ದಾಕ್ಷಾಯಣಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅದೇ ವಿಭೂತಿ, ಅದೇ ಕಣ್ಣು! ತೋಂಟೇಶ, ಗದಗಿನಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರ. ಮಠದ ಕೋಣೆಯಲ್ಲಿ ವಾಸ. ಬ್ಯಾಂಕಿನವರು ಪ್ರವಾಸಕ್ಕೆಂದು ಕೊಡುವ ರಜೆ ಅವನ ಬಳಿ ಹಾಗೇ ಉಳಿದಿತ್ತು.

“ಬದನಿಕಾಯಿ ಪಲ್ಯ ಛಲೋ ಆಗಿತ್ರಿ,” ಎಂದ.

ಅವಳು ಕಾರಿನ ಕೀಲಿ ತೆಗೆದುಕೊಂಡು ಅವನನ್ನು ದಾಟಿ ಹೊರಗೆ ನಡೆದಳು.

* * *

ಪುರಿಯಲ್ಲಿ ಮೊದಲ ಸಲ ಸಮುದ್ರ ಕಂಡಾಗ ದಾಕ್ಷಾಯಣಿ ಕಾರು ನಿಲ್ಲಿಸಿ ಇಳಿದಳು. ಗಂಗೆಗೆ ಆಚೆ ದಡವಿದೆ. ಇದಕ್ಕಿಲ್ಲ. ಅದೇ ಅವಳಿಗೆ ಇಷ್ಟವಾಯಿತು.

ಅಲ್ಲಿಂದ ಸಣ್ಣ ಸಣ್ಣ ಊರುಗಳು. ರಸ್ತೆಯ ಮೇಲೆ ಮೀನು ಒಣಗಲು ಹಾಕಿದವರು ಕಾರಿಗೆಂದು ಚಾಪೆ ಸರಿಸಿ ಕೊಡುತ್ತಿದ್ದರು. ಗೋಪಾಲಪುರದಲ್ಲಿ ಪೆಟ್ರೋಲ್ ಹಾಕುವವನು ಅವಳನ್ನು ದಾಟಿ ಎಡಗಡೆ ಕೂತ ತೋಂಟೇಶನನ್ನೇ ಕೇಳಿದ, “ಮೇಡಂ ಯಾಕೆ ಓಡಿಸ್ತಿದ್ದಾರೆ ಸಾಬ್?”

“ಅವರು ಡ್ರೈವರ್. ನಾನು ಪ್ಯಾಸೆಂಜರ್. ಎಷ್ಟು ಹಾಕಬೇಕು ಅವರನ್ನ ಕೇಳಪ್ಪಾ,” ಎಂದ ತೋಂಟೇಶ ಹಿಂದಿಯಲ್ಲಿ.

ಪ್ರತಿ ಊರಿನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಅವನು ಒಮ್ಮೆಯೂ ಬೇಸರಿಸಲಿಲ್ಲ. ಗೇರ್ ಹಾಗಲ್ಲ, ಹೀಗೆ ಎಂದು ಒಂದು ಬುದ್ಧಿವಾದವನ್ನೂ ಹೇಳಲಿಲ್ಲ. ಅವಳು ಬ್ರೇಕ್ ಹಾಕಿದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಪಾಪ, ಹೆದರುಪುಕ್ಕಲ ಎಂದು ದಾಕ್ಷಾಯಣಿ ಒಳಗೊಳಗೇ ನಗುತ್ತಿದ್ದಳು.

ಯಾವ ಊರಿನಲ್ಲಿ ಆ ನಗು ಬೇರೇನೋ ಆಯಿತು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಸಂಜೆ ಕಾರು ನಿಂತ ಮೇಲೂ ಅವನ ಜೊತೆ ಮಾತು ಮುಗಿಯಬಾರದು ಅನಿಸತೊಡಗಿತು, ಅಷ್ಟೆ.

ಆಂಧ್ರದ ಭೀಮಿಲಿ ಎಂಬ ಪುಟ್ಟ ಊರು ಮುಟ್ಟುವಷ್ಟರಲ್ಲಿ ಅವಳಿಗೆ ಮೈ ಸುಡುವ ಜ್ವರ ಬಂತು. ದೀಪಸ್ತಂಭದ ಹತ್ತಿರದ ಲಾಡ್ಜಿನಲ್ಲಿ ಮಲಗಿದ್ದವಳಿಗೆ ಬಾಗಿಲಾಚೆ ಮ್ಯಾನೇಜರನ ಹಿಂದಿ ಕೇಳಿಸಿತು.

“ಒಬ್ಬ ಡ್ರೈವರ್ ಕೊಡಲೇ ಸಾರ್? ಮುಂದಿನ ಊರಿನವರೆಗೆ ಬಿಟ್ಟು ಬರ್ತಾನೆ.”

“ಬೇಡ,” ಎಂದ ತೋಂಟೇಶ. “ಅವರು ಏಳೋವರೆಗೆ ಗಾಡಿ ಇಲ್ಲೇ ನಿಲ್ಲುತ್ತೆ. ಯಾರೂ ಮುಟ್ಟಬಾರದು.”

ದಾಕ್ಷಾಯಣಿ ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡಳು. ಆ ಕ್ಷಣಕ್ಕೆ ಅವಳಿಗೆ ಖಾತ್ರಿಯಾಯಿತು... ಇವನನ್ನು ನಾನು ಪ್ರೀತಿಸುತ್ತಿದ್ದೇನೆ.

ಅವನೇ ಗಂಜಿ ತಂದ, ಮಾತ್ರೆ ತಂದ. ಜ್ವರ ಇಳಿದ ಬೆಳಿಗ್ಗೆ ಅವಳು ಎದುರಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದಳು.

“ಜ್ವರಾನ?” ಅಪ್ಪನ ದನಿಯಲ್ಲಿ ಗಾಬರಿಯೂ ಇತ್ತು, ಗೆದ್ದ ಖುಷಿಯೂ ಇತ್ತು. “ಸಾಕು ಮಾಡು. ತೋಂಟೇಶನ ಕೈಯಾಗ ಗಾಡಿ ಕೊಟ್ಟು ತಿರುಗಿ ಬಾ.”

“ಅವರಿಗೆಲ್ಲಿ ಓಡಸಾಕ ಬರ್ತೈತಿ?”

“ಯಾಕ ಬರಂಗಿಲ್ಲ? ಛಲೋ ಡ್ರೈವರ್ ಅವ. ನೀ ಸೋತ ಮ್ಯಾಲೆ ಹಿಡೀಲಿ ಅಂತನ ಕಳಿಸೀನಿ.”

ಬೂತಿನ ಗಾಜಿನ ಆಚೆ ತೋಂಟೇಶ ಶರಣಬಸಮ್ಮನ ಹಾಸಿಗೆಯ ಸುರುಳಿಯನ್ನು ಡಿಕ್ಕಿಯಲ್ಲಿಡುತ್ತಿದ್ದ. ದಾಕ್ಷಾಯಣಿ ಹೊರಗೆ ಬಂದಳು.

“ನಿಮಗ ಗಾಡಿ ಓಡಸಾಕ ಬರ್ತೈತಿ?”

ಅವನ ಕೈ ಅಲ್ಲೇ ನಿಂತಿತು. “...ಬರ್ತೈತಿ.”

“ಅಪ್ಪ ನಿಮ್ಮನ್ನ ಕಳಿಸಿದ್ದು ಅದಕ್ಕನ?”

“ಅವರು ಕಳಿಸಿದ್ದು ಅದಕ್ಕ. ಆದ್ರ ನಾ ಬಂದಿದ್ದು...”

“ಸಾಕು.”

ಎಲ್ಲವೂ ಈಗ ಅರ್ಥವಾಯಿತು ಎಂದುಕೊಂಡಳು ಹುಚ್ಚಿ. ಆ ನಗು, ಆ ಗಂಜಿ, ಆ ತಾಳ್ಮೆ! ನಾನು ಬೀಳುವುದನ್ನೇ ಕಾಯುತ್ತ ಪಕ್ಕದಲ್ಲಿ ಕೂತಿದ್ದ. ಅವನ ಸೂಟ್‌ಕೇಸನ್ನು ಎಳೆದು ಮರಳಿನ ಮೇಲಿಟ್ಟಳು.

“ಬಸ್ ಸಿಗ್ತಾವ ಇಲ್ಲಿ. ಅಪ್ಪಗ ಹೋಗಿ ಹೇಳ್ರಿ, ಮಗಳು ಸೋತಿಲ್ಲ ಅಂತ.”

“ದಾಕ್ಷಿ, ತಾಳ ಯವ್ವಾ...” ಎಂದು ಶರಣಬಸಮ್ಮ ಹಿಂದಿನ ಸೀಟಿನಿಂದ ಕೂಗಿದರು.

“ಅವರ ಹೆಸರೆತ್ತಿದ್ರ ನಿನ್ನನ್ನೂ ಇಳಿಸ್ತೀನಿ ಅತ್ತಿ.”

ಕಾರು ಹೊರಟಿತು. ಅವನು ಕೂಗಲಿಲ್ಲ, ಹಿಂದೆ ಓಡಿ ಬರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

* * *

ಎಡಕ್ಕೆ ಸಮುದ್ರ ಹೊಳೆಯುತ್ತಿತ್ತು. ಅವಳಿಗೆ ಅದು ಕಾಣಲಿಲ್ಲ. ಸುಮಾರು ದೂರ ಬಂದ ಮೇಲೆ ಎಮ್ಮೆಯೊಂದು ಅಡ್ಡ ಬಂದು ಜೋರಾಗಿ ಬ್ರೇಕ್ ಹಾಕಿದಳು. ಕಣ್ಣು ತಾನಾಗಿ ಎಡಗಡೆ ಹೋಯಿತು. ಅಲ್ಲಿ ನೆಲ ಒತ್ತುವ ಕಾಲಿರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಹೆದರುವವನು ಕೈಯಿಂದ ಬಾಗಿಲು ಹಿಡಿಯುತ್ತಾನೆ. ಕಾಲಿನಿಂದ ಬ್ರೇಕ್ ಹುಡುಕುವವನು ಡ್ರೈವರ್... ಹಾಗಿದ್ದೂ ಜ್ವರದಲ್ಲಿ ನಾನು ಒದ್ದಾಡುವಾಗ ಅವನು ಯಾಕೆ ಹಿಡಿಯಲಿಲ್ಲ? ಅಪ್ಪ ಕಾದಿದ್ದು ಅದಕ್ಕೇ ಅಲ್ಲವೇ?

“ಇಳಿಸೋದಿದ್ರ ಇಳಸ. ನಾ ಹೇಳಾಕಿನ,” ಎಂದರು ಶರಣಬಸಮ್ಮ. “ಆ ಹುಡುಗ ಸ್ಟೇರಿಂಗನ್ನ ಕಾಶ್ಯಾಗ ಬಿಟ್ಟಾನ.”

ದಾಕ್ಷಾಯಣಿ ತಿರುಗಿ ನೋಡಿದಳು.

ಕಾಶಿಗೆ ಬಂದವರು ತಮಗೆ ಅತಿ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ನಿಂತು ಬಿಡಬೇಕು. ಬಿಟ್ಟದ್ದನ್ನು ಸಾಯುವ ತನಕ ಮುಟ್ಟುವಂತಿಲ್ಲ. ಹನುಮಾನ್ ಘಾಟಿನಲ್ಲಿ ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಯಾತ್ರಿಕರು ಜಾಣರು. ಇಷ್ಟವಿಲ್ಲದ ಹಾಗಲಕಾಯಿಯನ್ನೋ ಸಿಹಿಗೆಣಸನ್ನೋ ಬಿಟ್ಟು ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ.

“ಗದಗಿನಾಗ ಅವ ಜೀಪ್ ಓಡಸೋದಂದ್ರ ಜೀವ ಬಿಡ್ತಿದ್ನಂತ. ಒಂದಿನ ಜೋರಾಗಿ ಹೋಗಿ ಪಲ್ಟಿ ಆಗಿ ಅವರಪ್ಪನ ಕಾಲು ಹೋತು. ಕಾಶಿಗೆ ಬಂದ ಕೂಡ್ಲೆ ನೀರಾಗ ನಿಂತು ಅದನ್ನ ಬಿಟ್ಟ. ನಿಮ್ಮಪ್ಪ ಕೇಳಿದಾಗ ನನ್ನ ಎದುರಿಗೇ ಹೇಳಿದ, ನಾ ಹಿಡಿಯಂಗಿಲ್ರಿ ಅಂತ. ಹೊತ್ತು ಬಂದ್ರ ಹಿಡೀತಾನ ಬಿಡು ಅಂತ ಕುಮಾರ ನಕ್ಕ.”

“ನನಗ ಯಾಕ ಹೇಳಲಿಲ್ಲ ಅತ್ತಿ?”

“ನನ್ನ ತಪ್ಪು ನಾನ ಹೇಳ್ತೀನಿ ಅಂದಿದ್ದ. ನೀ ಎಲ್ಲಿ ಬಾಯಿ ಬಿಡಾಕ ಕೊಟ್ಟಿ?”

ದಾಕ್ಷಾಯಣಿ ಆ ಇಕ್ಕಟ್ಟಿನ ರಸ್ತೆಯಲ್ಲೇ ಕಾರು ತಿರುಗಿಸಿದಳು. ಎದುರಿನ ಲಾರಿಯವನು ತೆಲುಗಿನಲ್ಲಿ ಏನೇನೋ ಬೈದ. ಅವಳಿಗೆ ಕೇಳಿಸಲಿಲ್ಲ. ಹೋಗಿಬಿಟ್ಟಿರುತ್ತಾನೆ... ಬಸ್ ಹತ್ತಿರುತ್ತಾನೆ... ಕಣ್ಣೀರು ಒರೆಸಿಕೊಳ್ಳಲು ಒಂದು ಕೈಯನ್ನೂ ಸ್ಟೇರಿಂಗಿನಿಂದ ತೆಗೆಯದೆ ಓಡಿಸಿದಳು.

ಅವನು ಅಲ್ಲೇ ಇದ್ದ. ದೀಪಸ್ತಂಭದ ನೆರಳಿನಲ್ಲಿ, ಸೂಟ್‌ಕೇಸಿನ ಮೇಲೆ ಕೂತಿದ್ದ.

“ಬಸ್ ಬರಲಿಲ್ಲೇನು?” ಎಂದಳು. ಕೇಳಬೇಕಾಗಿದ್ದು ಅದಲ್ಲ.

“ಬಂದಿತ್ತು. ಹತ್ತಲಿಲ್ಲ.”

“ಯಾಕ?”

“ನಿಮಗ ಇನ್ನೂ ನಿಶ್ಶಕ್ತಿ ಐತಿ. ತಿರುಗಿ ಬಂದ್ರ ಯಾರರ ಇರಬೇಕಲ್ಲ.”

ಅವಳು ಅವನ ಎದುರು ಮರಳಿನಲ್ಲಿ ಕೂತಳು.

“ಅತ್ತಿ ಎಲ್ಲಾ ಹೇಳಿದ್ಲು. ನೀವ ಯಾಕ ಹೇಳಲಿಲ್ಲ?”

“ಭಾಳ ಸಲ ಬಾಯಿತನ ಬಂತು. ಅಪ್ಪನ ಕಾಲು ಕಳದವ ಅಂತ ಗೊತ್ತಾದ್ರ ನೀವು ನನ್ನ ನೋಡೋದು ಬ್ಯಾರೆ ಆಗ್ತಿತ್ತು. ಅದ ಅಂಜಿಕಿ.” ಅವನು ಸಮುದ್ರದ ಕಡೆ ನೋಡಿದ. “ಮತ್ತ... ಬಿಟ್ಟದ್ದೊಂದ ಕಾರಣ ಅಲ್ಲ ದಾಕ್ಷಾಯಣಿ. ನಾ ಹಿಡಿದಿದ್ರ ನೀವು ಹುಬ್ಬಳ್ಳಿಗೆ ಸೊಸಿ ಆಗಿ ಹೋಗ್ತಿದ್ರಿ. ನಿಮಗ ಜ್ವರ ಸುಡುವಾಗ ನನ್ನ ಕೈ ಎಷ್ಟು ಚಡಪಡಿಸಿದ್ರೂ ನನಗ ಅದನ್ನ ಮಾಡಾಕಾಗಲಿಲ್ಲ.”

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ನಂದು ತಪ್ಪಾತು,” ಎಂದಳು ದಾಕ್ಷಾಯಣಿ. ಜಾತಕದಲ್ಲಿಲ್ಲದ ಮಾತು ಅದು. “ಏಳ್ರಿ. ರಾಮೇಶ್ವರ ದೂರ ಐತಿ.”

* * *

ಅವರು ವಾಪಸ್ ಬಂದಾಗ ಶಿವಾಲದ ಗಲ್ಲಿಯ ಬಾಯಲ್ಲಿ ಕುಮಾರಯ್ಯ ಕೈಕಟ್ಟಿ ನಿಂತಿದ್ದರು.

“ಕಡೀತನ ನೀನ ಓಡಿಸಿದಿ ಅಂತ ಯಾರು ನಂಬಬೇಕು?”

“ಗಂಗಿ ಹೊತ್ಕೊಂಡು ಹೋದಾಕಿ ನಾನು. ಮರಳು ತಂದಾಕಿ ನಾನು. ನನ್ನ ನಂಬಂಗಿಲ್ಲೇನೋ ಕುಮಾರ?” ಎಂದರು ಶರಣಬಸಮ್ಮ ಕಾರಿನಿಂದ ಇಳಿಯುತ್ತ.

ಕುಮಾರಯ್ಯ ತೋಂಟೇಶನ ಕಡೆ ತಿರುಗಿದರು. “ನಿನ್ನ ಕಳಿಸಿದ್ದು ಯಾತಕ್ಕ?”

“ಜೋಡಿ ಇರಾಕ್ರಿ. ಇದ್ದೀನಿ.”

“ಹುಬ್ಬಳ್ಳಿಯವರಿಗೆ ನಾ ಏನು ಹೇಳ್ಲಿ?”

“ಹುಡುಗಿ ಬಿಡಂಗಿಲ್ಲಂತ ಹೇಳು ಅಪ್ಪಾ,” ಎಂದಳು ದಾಕ್ಷಾಯಣಿ. “ನಾ ಮದುವಿ ಆಗೋದಾದ್ರ ಇವರನ್ನ. ಅದು ಕರಾರಿನಾಗ ಇರಲಿಲ್ಲ, ನನಗ ಗೊತ್ತೈತಿ. ಈಗ ಹೇಳಾಕತ್ತೀನಿ.”

ತೋಂಟೇಶನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಅವನಿಗೂ ಆ ವಿಷಯ ಯಾರೂ ತಿಳಿಸಿರಲಿಲ್ಲ.

ಕುಮಾರಯ್ಯ ಮಗಳನ್ನೂ ಧೂಳು ಮುಚ್ಚಿದ ಕಾರನ್ನೂ ಬಹಳ ಹೊತ್ತು ನೋಡಿದರು. ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಎಲ್ಲೂ ಒಂದು ಗೀರು ಇರಲಿಲ್ಲ.

“ನಾಳೆ ಬಾಗಲಕೋಟಿ ಮಂದಿ ಬರ್ತಾರ, ಸಾರನಾಥಕ್ಕ,” ಎಂದರು ಕೊನೆಗೆ, ಬೇರೆ ಕಡೆ ನೋಡುತ್ತ. “ಲಗೂ ಎದ್ದು ಗಾಡಿ ತೊಳದು ತಯಾರಿರು.”

ಅಷ್ಟು ಹೇಳಿ ಒಳಗೆ ಹೋದರು. ದಾಕ್ಷಾಯಣಿಗೆ ಅಷ್ಟು ಸಾಕಾಗಿತ್ತು.

ಸಂಜೆ ಹನುಮಾನ್ ಘಾಟಿನಲ್ಲಿ ಶರಣಬಸಮ್ಮ ಮರಳನ್ನು ಗಂಗೆಗೆ ಹಾಕಿ, ಕಣ್ಣು ಮುಚ್ಚಿ ನಿಂತರು. ಎರಡು ಮೆಟ್ಟಿಲು ಮೇಲೆ ಅವರಿಬ್ಬರು ಕೂತಿದ್ದರು.

“ನಾನಂತೂ ಮತ್ತ ಸ್ಟೇರಿಂಗ್ ಹಿಡಿಯಂಗಿಲ್ಲ,” ಎಂದ ತೋಂಟೇಶ. “ಆಯುಷ್ಯಪೂರ್ತಿ ಎಡಗಡೆ ಸೀಟಿನಾಗ ಕೂಡೋ ಗಂಡ. ಮಂದಿ ನಗ್ತಾರ. ನಡೀತೈತೇನು?”

“ಮಂದಿ ನಗಲಿ. ನಗೋ ಮಂದೀನ ಸರಸಾಕ ಹಾರ್ನ್ ಐತಿ.”

ಅವನು ನಕ್ಕ. ಆಮೇಲೆ ಕೇಳಿದ, “ನೀವು ಏನು ಬಿಟ್ಟೀರಿ, ಕಾಶ್ಯಾಗ?”

“ಬಿಡೋದು ಹೊರಗಿಂದ ಬಂದವರು. ನಾ ಇಲ್ಲೇ ಹುಟ್ಟಿದಾಕಿ.” ದಾಕ್ಷಾಯಣಿ ಅವನ ಕಣ್ಣನ್ನು ನೇರವಾಗಿ ನೋಡಿದಳು. “ನಾ ಏನೂ ಬಿಡಂಗಿಲ್ಲ. ಗಾಡಿ ಬಿಡಂಗಿಲ್ಲ, ದಾರಿ ಬಿಡಂಗಿಲ್ಲ... ನಿಮ್ಮನ್ನೂ ಬಿಡಂಗಿಲ್ಲ.”

ತೋಂಟೇಶ ತನ್ನ ಬಲಗೈಯನ್ನು ಅವಳ ಮುಂದೆ ಚಾಚಿದ.

“ಹಂಗಾದ್ರ ಹಿಡ್ಕೋರಿ,” ಎಂದ.