ನಾಲ್ಕು ಬೆರಳು ಉದ್ದದ ತೋಳು

"ತೋಳು ಮತ್ತೆ ನಾಲ್ಕು ಬೆರಳು ಉದ್ದ," ಎಂದ ಅಣ್ಣ.

ಅಂಗಡಿಯ ಗಾಜಿನ ಹಿಂದೆ ನಿಂತ ಬೊಂಬೆಯ ಕೈಗಳು ಹೊಸ ಸ್ವೆಟರಿನೊಳಗೆ ಮುಳುಗಿಹೋಗಿದ್ದವು. ಹೊಸ ನೂಲು ಬಂದಾಗಲೆಲ್ಲ ಅದರಲ್ಲೊಂದು ಸ್ಯಾಂಪಲ್ ಹೆಣೆದು ಬೊಂಬೆಗೆ ತೊಡಿಸುವುದು ತಂಗಿಯ ಕೆಲಸ. ಇಪ್ಪತ್ತು ವರ್ಷ ಅಳತೆ ತಪ್ಪಿದವಳಲ್ಲ. ಈ ವರ್ಷ ಇದು ಮೂರನೆಯ ಸಲ.

"ಬೊಂಬೆ ಏನೂ ಬೆಳೆದಿಲ್ವಲ್ಲಮ್ಮ. ಯಾರ ಅಳತೆ ಇದು?"

ಅವಳ ನೋಟ ಬಾಗಿಲ ಕಡೆ ಹೋಯಿತು. ನೂಲಿಗೆ ಬಣ್ಣ ಹಾಕುವವನು ಆಗಷ್ಟೇ ಗಂಟು ಹೊತ್ತು ಒಳಗೆ ಬಂದಿದ್ದ. ಮೇಲಿನ ಕಪಾಟಿಗೆ ಕೈಚಾಚಿದಾಗ ಅವನ ಅಂಗಿಯ ತೋಳು ಎಂದಿನಂತೆ ನಾಲ್ಕು ಬೆರಳು ಹಿಂದೆ ಸರಿಯಿತು. ಉಗುರುಗಳಲ್ಲಿ ಇಂದು ನೀಲಿ. ಅವಳ ಕಣ್ಣು ಅಲ್ಲೇ ನಿಂತಿತು. ಅವನಿಗದು ಗೊತ್ತಾಗಿ, ನಗು ಅಡಗಿಸಲು ಕಪಾಟಿನ ಕಡೆ ತಿರುಗಿದ.

ಊರಿಗೆಲ್ಲ ಲಡಿಗಟ್ಟಿದ ನೂಲು ಕೊಡುವವನು ಅವಳ ಪಾಲನ್ನು ಮಾತ್ರ ಉಂಡೆ ಸುತ್ತಿ ತರುತ್ತಿದ್ದ. ಸುತ್ತುವಾಗ ಮಣಿಕಟ್ಟು ನೋಯುತ್ತದೆಂದು ಅವಳು ಹೇಳಿದ್ದು ಒಂದೇ ಸಲ.

ಅಣ್ಣ ಬೊಂಬೆಯನ್ನು ನೋಡಿದ, ಆ ನೀಲಿ ಕೈಗಳನ್ನು ನೋಡಿದ. ಮುಖ ಗಂಟಾಯಿತು.

"ನಲವತ್ತೆಂಟಾಯ್ತು ನಿಂಗೆ. ಜನ ಆಡ್ಕೊಂಡು ನಗ್ತಾರೆ. ಆ ತೋಳು ಬಿಚ್ಚು." ಬಣ್ಣದವನ ಕಡೆ ತಿರುಗಿ, "ನೀವು ನಾಳೆಯಿಂದ ಬರೋದು ಬೇಡ," ಎಂದ.

ಅವನು ಖಾಲಿ ಚೀಲ ಮಡಚತೊಡಗಿದ.

ಅವಳು ಬೊಂಬೆಯಿಂದ ಸ್ವೆಟರು ಕಳಚಿದಳು. ಅಣ್ಣನಿಗೆ ಸಮಾಧಾನವಾಯಿತು. ಆದರೆ ಅವಳು ನೇರ ಹೋಗಿ ನಿಂತದ್ದು ಬಣ್ಣದವನ ಎದುರು.

"ಕೈ ಎತ್ತಿ."

"ಇಲ್ಲೇನಾ?"

"ಇಲ್ಲೇ. ಗಾಜಿನ ಮುಂದೆ, ಎಲ್ರಿಗೂ ಕಾಣೋ ಹಾಗೆ."

ಅವಳು ತೊಡಿಸಿದ ಸ್ವೆಟರಿನ ಕೊರಳಪಟ್ಟಿಯಲ್ಲಿ ಅವನ ತಲೆ ಸಿಕ್ಕಿ, ಕೂದಲು ಕೆದರಿ ಹೊರಬಂತು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು.

"ಅಳತೆ ಯಾವಾಗ ತಗೊಂಡ್ರಿ?"

"ನೀವು ಕಪಾಟು ತುಂಬಿಸುವಾಗ."

"ಸದ್ಯ," ಎಂದ ಅವನು. "ಕೆಳಗಿನ ಕಪಾಟು ಖಾಲಿ ಇದ್ರೂ ವರ್ಷವಿಡೀ ಮೇಲೇ ಇಟ್ಟಿದ್ದು ದಂಡವಾಗ್ಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ. ಹೊರಗೆ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ಅವಳು ಅವನ ತೋಳಿನ ಸುಕ್ಕನ್ನು ನಿಧಾನವಾಗಿ ನೇವರಿಸಿ ಸರಿಮಾಡಿದಳು.

"ಬೊಂಬೆ ಬರಿಮೈಲಿ ನಿಂತಿದೆಯಲ್ಲೇ," ಅಣ್ಣನ ದನಿ ಉಡುಗಿತ್ತು.

"ನಿಂತಿರ್ಲಿ ಅಣ್ಣ. ಅದಕ್ಕೆ ಚಳಿಯಾಗಲ್ಲ. ನಂಗೆ ಆಗುತ್ತೆ."

ಅವಳು ಹೆಣಿಗೆಯ ಚೀಲ ಹೆಗಲಿಗೇರಿಸಿದಳು. ಇಪ್ಪತ್ತು ವರ್ಷ ಹಿಂಬಾಗಿಲಿನಿಂದ ಓಡಾಡಿದವಳು ಅಂದು ನೀಲಿ ಬೆರಳುಗಳನ್ನು ಹಿಡಿದು ಮುಂಬಾಗಿಲು ತೆರೆದಳು.